ಅಕ್ಕನ ಹಲ್ಲಿನ ಫೋಟೋ, ನನ್ನ ಹೊಟ್ಟಿಕಿಚ್ಚು

ನಮ್ಮನ್ಯಾಗ ಏನಾರ ದೊಡ್ಡದು ಆಗೋದಿದ್ರ ಅದು ನಮ್ಮಕ್ಕಗೇ ಆಗ್ತದ. ನನಗ ಬರೋದು ನೆಗಡಿ ಅಷ್ಟೇ, ಅದೂ ಎರಡು ದಿನದಾಗ ಹೋಗ್ತದ. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ದಾಗ ನಿರೂಪಣಾ ಬರದು ಕೊಡಾಕಿ ನಾನು, ಮೈಕ್ ಹಿಡದು ಅದನ್ನ ಹೇಳಿ ಚಪ್ಪಾಳಿ ಹೊಡಿಸಿಕೊಳ್ಳಾಕಿ ಆಕಿ. ಮೈಕ್ ಕಂಡ್ರ ನನ್ನ ಕಾಲು ನಡುಗ್ತಾವ, ಅದು ಬ್ಯಾರೆ ಮಾತು. ಹೊಟ್ಟಿಕಿಚ್ಚಿಗೆ ಅದೆಲ್ಲಾ ತಿಳಿಯಂಗಿಲ್ಲ. ಇದನ್ನ ಯಾರ ಮುಂದೂ ಹೇಳಿದ್ದಿಲ್ಲ, ಈಗೇ ಹೇಳಾಕತ್ತೀನಿ.

೧. ಸಣ್ಣ ಫೋಟೋ

ಗ್ಯಾದರಿಂಗ್‌ಗೆ ಒಂದು ತಿಂಗಳಿದ್ದಾಗ ಅಕ್ಕನ ಗಲ್ಲ ಬಾತು, ಖಡಕ್ ರೊಟ್ಟಿ ಕಡಿಯಾಕ ಬರದಂಗಾತು. ಸೇಡಂದಾಗ ಹಲ್ಲಿನ ಡಾಕ್ಟರ್ ಬಾಯಾಗ ಸಣ್ಣ ಫಿಲ್ಮ್ ಇಟ್ಟು ಎಕ್ಸ್‌ರೇ ತಗದ್ರು.

"ಬುದ್ಧಿಹಲ್ಲು ಅಡ್ಡ ಮಲಗ್ಯದ ರಿ. ಅದರ ಬೇರಿನ ಹತ್ರನೇ ತುಟಿಗೆ ಹೋಗೋ ನರ ಅದ. ಕೀಳಾಗ ನರಕ್ಕ ಪೆಟ್ಟಾದ್ರ ಕೆಳತುಟಿ ಜೋಮು ಹಿಡೀತದ. ತಿಂಗಳಗಟ್ಟಲೆ ಇರಬಹುದು, ಒಮ್ಮೊಮ್ಮೆ ಹೋಗಂಗೇ ಇಲ್ಲ. ಮೊದಲು ಇಡೀ ದವಡಿದು ದೊಡ್ಡ ಫೋಟೋ ತಗಸ್ರಿ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನಗ ಹೊಳದಿದ್ದು ಏನಂದ್ರ, ಆಕಿ ತುಟಿ ಹೋದ್ರ ಮೈಕ್ ಯಾರಿಗೆ? ಬರದಾಕಿಗೇ ಅಲ್ಲಾ? ಅಯ್ಯೋ ಪಾಪ ಅಂತನೂ ಅನಿಸ್ತು. ಖರೇ ಹೇಳ್ತೀನಿ, ಅದು ಆಮ್ಯಾಲ ಅನಿಸ್ತು.

೨. ದೊಡ್ಡ ಫೋಟೋ

ಶಹಾಬಾದಕ್ಕ ಹೋದ್ವಿ. ಗದ್ದ ಒಂದು ಪಟ್ಟಿ ಮ್ಯಾಲಿಟ್ಟು, ಪ್ಲಾಸ್ಟಿಕ್ ಕಡ್ಡಿ ಕಚ್ಚಿ ನಿಂದ್ರಬೇಕು. ಮಷೀನ್ ತಲಿ ಸುತ್ತ ತಿರುಗ್ತದ. "ಅಲ್ಲಾಡಬ್ಯಾಡ್ರಿ" ಅಂತ ಹೇಳಿ ಆಪರೇಟರ್ ಹೊರಗ ಬಂದ್ರು.

ಈಗ ನಮ್ಮನಿ ಪದ್ಧತಿ ಒಂದು ಹೇಳಬೇಕು. ಅವ್ವ ವಾರಕ್ಕೆರಡು ಸಲ ಅಕ್ಕಗ ದೃಷ್ಟಿ ತಗೀತಾಳ. ಉಪ್ಪು ಮೆಣಸಿನಕಾಯಿ ಮಾರಿ ಸುತ್ತ ತಿರುವ್ತಾಳ, ಅಕ್ಕ ಅದರಾಗ ಮೂರು ಸಲ ಉಗುಳ್ತಾಳ. ಸಣ್ಣಾಕಿದ್ದಾಗಿಂದ ರೂಢಿ. ಮಷೀನ್ ತಿರುಗಿ ಮಾರಿ ಮುಂದ ಬಂತೋ ಇಲ್ಲೋ, ಆಕಿ ಕಡ್ಡಿ ಬಿಟ್ಟು "ಥೂ ಥೂ ಥೂ!"

ಆಪರೇಟರ್ ಓಡಿ ಹೋದ್ರು. "ತಂಗೀ, ಮಷೀನಿಗೆ ಉಗುಳ್ತಾರೇನು?"

ಅವ್ವ ಬಾಗಲದಾಗ ನಿಂತು, "ಛಲೋನೇ ಆತು ಬಿಡ್ರಿ, ದೃಷ್ಟಿ ಹೋತು. ಈಗ ತಗೀರಿ, ಚಂದ ಬರ್ತದ" ಅಂದಳು.

ವಾಪಸ್ ಬರಾಗ ಕೇಳಿದೆ, "ಅವ್ವಾ, ನನಗ್ಯಾಕ ಒಮ್ಮೀನೂ ದೃಷ್ಟಿ ತಗದಿಲ್ಲ?"

"ನಿನಗ್ಯಾರು ಹಾಕ್ತಾರವ್ವಾ? ಯಾವಾಗ ನೋಡಿದ್ರೂ ಪುಸ್ತಕದಾಗ ಮಾರಿ ಹುಗದಿರ್ತಿ. ಮಂದಿಗೆ ಕಾಣಬೇಕಲ್ಲ!"

೩. ಓದೋರು

ಫೋಟೋ ನೋಡಾಕ ಓಣಿ ಮಂದಿ ಹಣ್ಣು, ಬಿಸ್ಕಿಟ್ ಹಿಡಕೊಂಡು ಬಂತು. ಹತ್ತನೇತ್ತಿಯಾಗ ನಾ ಶಾಲಿಗೇ ಮೊದಲು ಬಂದಾಗ ಒಬ್ರೂ ಬಂದಿದ್ದಿಲ್ಲ. ಹಲ್ಲಿನ ಬಗ್ಗೆ ಮೂರು ಪುಸ್ತಕ ಓದಿದ್ದೆ, ನರ ಎಲ್ಲಿ ಹಾಯ್ತದ ಅಂತ ತೋರಿಸಾಕ ಹೋದೆ. "ಜರಾ ಸರಿಯವ್ವಾ, ಬೆಳಕಿಗೆ ಅಡ್ಡ ಬರ್ತಿ" ಅಂದ್ರು.

ಭಂಕೂರದಿಂದ ಸೋದರಮಾವ ಬಂದ್ರು. ಅವರದು ಕಲ್ಲಿನ ಖಣ್ಯಾಗ ಗೆರಿ ನೋಡಿ ಫರಶಿ ಸೀಳೋ ಕೆಲಸ. ಫಿಲ್ಮ್ ಕಿಟಕಿಗೆ ಹಿಡದು ಬೀಡಿ ಸೇದೋದು ಮರತು ನೋಡಿದ್ರು.

"ಈ ನರದ ಗೆರಿ ಬೇರು ದಾಟೋ ಕಡಿ ಬೇರು ಕಪ್ಪಾಗ್ಯದ. ಅಂದ್ರ ಎರಡೂ ಹತ್ಯಾವ. ಇಡೀ ಹಲ್ಲು ಎಬ್ಬಿಸಿದ್ರ ಗೆರಿ ಹರೀತದ. ತಲಿ ಅಷ್ಟೇ ಕೊಯ್ದು ತಗೀಬೇಕು, ಬೇರು ಅಲ್ಲೇ ಬಿಡಬೇಕು."

ಎಲ್ಲಾರೂ ಹೌದೌದು ಅಂದ್ರು. ನನ್ನ ಹೊಟ್ಟಿ ಉರದು ಹೋತು.

ಮುಂದಿನ ವಾರ ಕಲಬುರಗಿಯಾಗ ತ್ರೀಡಿ ಸ್ಕ್ಯಾನ್ ಮಾಡಿಸಿದ್ವಿ. ಅಲ್ಲಿನ ಡಾಕ್ಟರ್ ಕಂಪ್ಯೂಟರ್‌ದಾಗ ಹಲ್ಲು ಹಿಂದ ಮುಂದ ತಿರುಗಿಸಿ ನೋಡಿ, "ನರ ಬೇರಿಗೆ ಹತ್ತೇ ಅದ ರಿ. ತಲಿ ಕೊಯ್ದು ತಗದು ಬೇರು ಅಲ್ಲೇ ಬಿಡೋಣ. ಆದ್ರೂ ತುಟಿದು ಪೂರ್ತಿ ಖಾತ್ರಿ ಹೇಳಾಕ ಬರಂಗಿಲ್ಲ" ಅಂದ್ರು.

ಅವ್ವ ಅಂದಳು, "ನಮ್ಮ ತಮ್ಮನೂ ಫೋಟೋ ನೋಡಿ ಹಿಂಗೇ ಅಂದಾನ ರಿ."

ಡಾಕ್ಟರ್ ಖುಷಿಯಾದ್ರು. "ಹೌದಾ? ಯಾವ ಆಸ್ಪತ್ರ್ಯಾಗ ಅದಾರ ರಿ ಅವರು?"

"ಭಂಕೂರ ಖಣ್ಯಾಗ ರಿ."

೪. ಹತ್ತಿ

ಹಲ್ಲಿನ ತಲಿ ತಗದ್ರು. "ಇಂಜೆಕ್ಷನ್ ಜೋಮು ನಾಕು ತಾಸಿನಾಗ ಇಳೀತದ. ಕಣ್ಣು ಮುಚ್ಚಿಸಿ ತುಟಿಗೆ ಹತ್ತಿ ಮುಟ್ಟಿಸಿ ಕೇಳ್ರಿ" ಅಂದಿದ್ರು. ಮನಿಗೆ ಬಂದ ಮ್ಯಾಲ ಆ ಕೆಲಸ ನನಗೇ ಬಂತು.

ಮೂರನೇ ತಾಸಿಗೆ ಮುಟ್ಟಿಸಿದೆ. ಅಕ್ಕ ಇಲ್ಲ ಅಂತ ತಲಿ ಅಲ್ಲಾಡಿಸಿದಳು. ಓಡಿ ಹೋಗಿ ಐಸ್‌ಕ್ರೀಮ್ ತಂದೆ. ನಾಕಕ್ಕೂ ಇಲ್ಲ. ಗಾಳಿ ಬೀಸಿದೆ. ಐದಕ್ಕೂ ಇಲ್ಲ. ನನ್ನ ತಲಿದಿಂಬು ಕೊಟ್ಟು ಕಾಲೊತ್ತಿದೆ. ಆರಕ್ಕೂ ಇಲ್ಲ ಅಂದಾಗ ಅಳು ತಡೀಲಿಲ್ಲ.

"ಅಕ್ಕಾ, ನಿನ್ನ ತುಟಿ ಹೋದ್ರ ಮೈಕ್ ನನಗ ಸಿಗ್ತದಂತ ಅನ್ಕೊಂಡಿದ್ದೆ. ನನಗ ಮೈಕೂ ಬ್ಯಾಡ ಏನೂ ಬ್ಯಾಡ. ಹೋದ ವರ್ಷ ನಿನ್ನ ನಿರೂಪಣಾದಾಗ ಬೇಕಂತಲೇ ಕಠಿಣ ಕಠಿಣ ಶಬ್ದ ಹಾಕಿದ್ದೆ, ಮಂದ್ಯಾಗ ನೀ ತೊದಲಲಿ ಅಂತ. ನೀ ತೊದಲಲೇ ಇಲ್ಲ. ಅದಕ್ಕ ಇನ್ನಾ ಸಿಟ್ಟು ಬಂತು. ನಿನ್ನ ಹಸರು ದುಪಟ್ಟಾಕ್ಕ ಇಸ್ತ್ರಿ ಸುಟ್ಟಾಕಿನೂ ನಾನೇ..."

ಅಕ್ಕ ಕಣ್ಣು ತಗದಳು. ಬಾತ ಬಾಯಿಲೆ ಮೆಲ್ಲಕ ಅಂದಳು, "ತುಟಿ ಮೂರನೇ ತಾಸಿಗೇ ಬಂದದ."

"ಮತ್ತ್ಯಾಕ ಇಲ್ಲ ಅಂದಿ?"

"ಮೊದಲು ಐಸ್‌ಕ್ರೀಮ್ ಬಂತು, ಆಮ್ಯಾಲ ಗಾಳಿ ಬಂತು. ಈಗ ನೋಡು, ಹುಟ್ಟಿದಾಗಿಂದ ನೀ ಇಷ್ಟು ಮಾತಾಡಿದ್ದು ಕೇಳಿಲ್ಲ, ನಡುವ ಬಾಯಿ ಹಾಕಬಾರದಂತ ಸುಮ್ಮನಿದ್ದೆ. ದುಪಟ್ಟಾದ ತನಕಾ ಬಂದಿದ್ದಿ. ಹೂಂ, ಮುಂದ ಹೇಳು."