ಬಂಡೆದೈತ್ಯನಿಗೆ ಏನಾಗಬೇಕಿತ್ತು?

ಗಡಿಯಾರದ ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿಯ ಗೂಡಂಗಡಿ ಅವರದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಟ್ಟ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದಾಗ ಕಣ್ಣು, ಕೈ ಎರಡಕ್ಕೂ ಕೆಲಸವಿರುತ್ತಿತ್ತು. ಬಾಯಿ ಮಾತ್ರ ಬಿಡುವಾಗಿರುತ್ತಿತ್ತು. ಆ ಬಿಡುವಿನ ಬಾಯಿಂದ ಬಂದ ಗಿರಾಕಿಗಳಿಗೆಲ್ಲ ವಿಡಿಯೋ ಗೇಮಿನ ಪಾಠ ಹೇಳಿ ಹೇಳಿಯೇ ಅವರು ಮಾಸ್ತರಾದದ್ದು.

ಐವತ್ತೆಂಟನೆಯ ವಯಸ್ಸಿಗೆ ಹತ್ತಿದ ಹುಚ್ಚು ಅದು. ಮೊಣಕಾಲು ನೋವೆಂದು ಎರಡು ವಾರ ಮನೆಯಲ್ಲಿ ಕೂತಾಗ, ಹೊತ್ತು ಹೋಗಲಿ ಎಂದು ಮಗಳು ಯಾರದೋ ಹಳೆಯ ಆಟದ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಜೋಡಿಸಿಕೊಟ್ಟಿದ್ದಳು. ಮೊಣಕಾಲು ನೆಟ್ಟಗಾಯಿತು. ಮಾಸ್ತರು ಆಗಲಿಲ್ಲ.

"ನೋಡಿ ಸ್ವಾಮಿ, ಸಿನಿಮಾದಲ್ಲಿ ಹೀರೋ ಸತ್ತರೆ ನೀವು ಕರ್ಚೀಫು ಹುಡುಕ್ತೀರಿ. ಆಟದಲ್ಲಿ ಹೀರೋ ಸತ್ತರೆ? ಎದ್ದು ಮತ್ತೆ ಓಡಬೇಕು! ಯಾವುದು ದೊಡ್ಡ ಕಲೆ, ಹೇಳಿ?" ಎಂದು ಅವರು ಕೇಳಿದರೆ, ಗಿರಾಕಿಗಳು ತಮ್ಮ ಗಡಿಯಾರ ಇನ್ನೂ ಅವರ ಕೈಯಲ್ಲೇ ಇರುವುದನ್ನು ನೆನೆದು "ಆಟವೇ ದೊಡ್ಡದು" ಎನ್ನುತ್ತಿದ್ದರು.

ಮನೆಯಲ್ಲಿ ಇಂಥ ವಿಧೇಯ ಶ್ರೋತೃಗಳಿರಲಿಲ್ಲ.

"ಈ ಕಾಲದ ಮಹಾಕಾವ್ಯ ಕಣೇ ಇದು. ಕಥೆ! ಕಥೆಯೇ ಇದರ ಜೀವ!" ಎಂದು ಮಾಸ್ತರು ಗುಂಡಿ ಕುಟ್ಟುತ್ತ ಕೂಗಿದರೆ, ಹೊಲಿಗೆ ಕ್ಲಾಸು ನಡೆಸುವ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಕೇಳುವಳು: "ಹಾಗಾದ್ರೆ ಆ ಕಥೆ ಏನ್ರೀ?"

"ಏನಂದ್ರೆ... ಒಬ್ಬ ವೀರ. ಅವನು ಹೊಡೀತಾನೆ."

"ಯಾರನ್ನ?"

"ಎದುರಿಗೆ ಬಂದವರನ್ನ."

"ಯಾಕೆ?"

"ಎದುರಿಗೆ ಬಂದ್ರಲ್ಲ, ಅದಕ್ಕೆ!"

(ನಿಜ ಹೇಳಬೇಕೆಂದರೆ, ಪರದೆಯ ಮೇಲೆ ಯಾರಾದರೂ ಮಾತಿಗೆ ಬಾಯಿ ತೆರೆದರೆ ಸಾಕು, ಮಾಸ್ತರ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಓಡಿಸುವ ಗುಂಡಿಯ ಮೇಲೆ ಹೋಗಿಬಿಡುತ್ತಿತ್ತು. ಮಹಾಕಾವ್ಯದ ಒಂದು ಸಾಲನ್ನೂ ಅವರು ಓದಿರಲಿಲ್ಲ.)

ಈ ಕೀರ್ತಿ ಹೇಗೋ ಗ್ರಂಥಾಲಯದವರೆಗೆ ಹಬ್ಬಿತು. ಕೆಟ್ಟ ಗಡಿಯಾರ ಹಿಡಿದು ಬಂದಿದ್ದ ಗ್ರಂಥಪಾಲಕಿ, ಭಾನುವಾರದ ಕೂಟದಲ್ಲಿ ಮಾತಾಡಬೇಕೆಂದು ಕೇಳಿಕೊಂಡರು. ಮಾಸ್ತರು ಉಬ್ಬಿಹೋದರು. 'ವಿಡಿಯೋ ಗೇಮ್: ನಮ್ಮ ಯುಗದ ಮಹಾಕಾವ್ಯ' ಎಂದು ವಿಷಯವನ್ನೂ ತಾವೇ ಕೊಟ್ಟರು. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. "ಬರೀ ಮಾತಲ್ಲ ಮೇಡಂ, ಬಂಡೆದೈತ್ಯನನ್ನ ಗೆದ್ದು ಕೊನೇ ದೃಶ್ಯಾನೇ ಪರದೆ ಮೇಲೆ ತೋರಿಸ್ತೀನಿ!" ಎಂದೂ ಸೇರಿಸಿಬಿಟ್ಟರು. ಮರುದಿನವೇ ಅದು ಬಾಗಿಲಿನ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬಂತು.

ಈ ಬಂಡೆದೈತ್ಯ ಎಂಬುವನು ಆಟದ ಕಡೆಯ ಗುಹೆಯ ಬಾಗಿಲಲ್ಲಿ ನಿಂತ ಕಡೆಯ ವೈರಿ. ಹತ್ತೊಂಬತ್ತು ದಿನಗಳಿಂದ ಅವನು ಮಾಸ್ತರನ್ನು ದಿನಾ ಚಪ್ಪಟೆ ಮಾಡಿ ಕಳಿಸುತ್ತಿದ್ದ. ಸತ್ತರೆ ಊರಬಾವಿಯ ಹತ್ತಿರದಿಂದ ಮತ್ತೆ ಹೊರಡಬೇಕು; ಏಕೆಂದರೆ ಆಟ ಎಲ್ಲಿಗೆ ಬಂದಿದೆಯೆಂದು ಪೆಟ್ಟಿಗೆ ಬರೆದಿಟ್ಟುಕೊಳ್ಳುವುದು ಆ ಬಾವಿಯ ಕಟ್ಟೆಯ ಬಳಿ ಮಾತ್ರ. ಅಲ್ಲಿಂದ ಗುಹೆಗೆ ಮೂರು ಗಂಟೆಯ ದಾರಿ.

ಶನಿವಾರ ಬೆಳಿಗ್ಗೆ ಮಾಸ್ತರ ವೀರ ಒಂದು ಗೀರೂ ಇಲ್ಲದೆ ದೈತ್ಯನ ಎದುರಿಗೆ ಬಂದು ನಿಂತ. ಕತ್ತಿ ಮಸೆದಾಗಿತ್ತು. ಆ ಶುಭಗಳಿಗೆಯಲ್ಲೇ ಫೋನು ಹೊಡೆದುಕೊಂಡಿತು. ಹತ್ತಕ್ಕೆ ಕೊಡುತ್ತೇನೆಂದಿದ್ದ ಗೋಡೆಗಡಿಯಾರಕ್ಕಾಗಿ ದಂತವೈದ್ಯರು ಅಂಗಡಿಯ ಮುಂದೆ ನಿಂತಿದ್ದರು.

ಹೋಗಲೇಬೇಕು. ಆದರೆ ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಆ ಹಳೆಯ ಪೆಟ್ಟಿಗೆ ತಾನಾಗಿ ಆರಿಹೋಗುತ್ತಿತ್ತು. ಆರಿದರೆ ಮತ್ತೆ ಬಾವಿಕಟ್ಟೆಯೇ ಗತಿ!

"ಲೇ, ಸ್ವಲ್ಪ ಇಲ್ಲಿ ಕೂತ್ಕೊಳ್ಳೇ..."

"ನನಗೆ ಕ್ಲಾಸಿದೆ. ನಿಮ್ಮ ದೈತ್ಯನಿಗೆ ಕಾವಲು ಕೂರೋಕೆ ನನಗೆ ಪುರುಸೊತ್ತಿಲ್ಲ," ಎಂದು ಹೆಂಡತಿ ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಉಳಿದವರು ಅತ್ತೆ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಇಂದಿಗೂ ಮನೆಯಲ್ಲಿ ಯಾರೇ ಬಂದು ಎದುರಿಗೆ ನಿಂತರೂ, ಅದು ಪಕ್ಕದ ಮನೆಯ ಬೆಕ್ಕೇ ಆಗಿರಲಿ, ಕನ್ನಡಕ ಮೇಲೇರಿಸಿ "ಏನಾಗಬೇಕಿತ್ತು?" ಎಂದು ಕೇಳದೆ ಬಿಟ್ಟವರಲ್ಲ.

ಮಾಸ್ತರು ಆಟದ ಹಿಡಿಕೆಯನ್ನು ಎಳೆಗೂಸಿನಂತೆ ಅವರ ಮಡಿಲಿಗಿಟ್ಟರು. "ಅತ್ತೇ, ಹತ್ತು ನಿಮಿಷಕ್ಕೊಂದ್ಸಲ ಈ ದುಂಡು ಗುಂಡಿ ಒತ್ತಿ. ಅಷ್ಟೇ. ಬೇರೇನೂ ಮುಟ್ಟಬೇಡಿ. ನಿಮಗೆ ಅರ್ಥ ಆಗೋದಲ್ಲ ಇದು."

"ಆಗಲಿ ಅಳಿಯಂದ್ರೇ, ನೀವು ಹೋಗಿ ಬನ್ನಿ," ಎಂದರು ಅತ್ತೆ.

ದಂತವೈದ್ಯರ ಗಡಿಯಾರದ ಜೊತೆ ಇನ್ನೂ ನಾಲ್ಕು ಗಡಿಯಾರ ಬಂದು ವಕ್ಕರಿಸಿದವು. ಮಾಸ್ತರು ಮಧ್ಯಾಹ್ನ ಏದುಸಿರು ಬಿಡುತ್ತ ಮನೆಗೆ ಬಂದಾಗ, ಟಿವಿಯಲ್ಲಿ ಹಿತವಾದ ಸಂಗೀತ ಕೇಳುತ್ತಿತ್ತು. ಹೆಸರುಗಳು ಸಾಲುಸಾಲಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದವು. ಅತ್ತೆ ಮೂಗಿನ ಮೇಲೆ ಕನ್ನಡಕವಿಟ್ಟು ಒಂದೊಂದನ್ನೂ ಓದುತ್ತಿದ್ದರು.

"ಬಂದ್ರಾ? ಮುಗೀತು ನೋಡಿ ನಿಮ್ಮಾಟ. ಎಷ್ಟೊಂದು ಜನ ದುಡಿದಿದ್ದಾರೆ ಪಾಪ. ಓದದೇ ಎದ್ದುಹೋದ್ರೆ ಚೆನ್ನಾಗಿರಲ್ಲ, ಅಲ್ವಾ?"

ಮಾಸ್ತರು ಚಪ್ಪಲಿಯಲ್ಲೇ ಟಿವಿಯ ಮುಂದೆ ಓಡಿದರು. "ಮು... ಮುಗೀತಾ? ದೈತ್ಯ?"

"ಅವನಾ? ಒಳ್ಳೇ ಪ್ರಾಣಿ ಕಣ್ರೀ. ನಾನು ದುಂಡು ಗುಂಡಿ ಒತ್ತಿದಾಗೆಲ್ಲ ನಿಮ್ಮ ಹುಡುಗ ಬಸ್ಕಿ ಹೊಡೀತಿದ್ದ. ಆ ದೊಡ್ಡೋನು ಎದುರಿಗೆ ನಿಂತೇ ಇದ್ದ. ಪಾಪ, ಅಷ್ಟು ಹೊತ್ತಿಂದ ನಿಂತಿದ್ದಾನಲ್ಲ ಅಂತ 'ಏನಾಗಬೇಕಿತ್ತು?' ಅಂದೆ. ಮಾತಾಡಲಿಲ್ಲ. ಆಮೇಲೆ ನೋಡ್ತೀನಿ, ಕೆಳಗೆ ಬರೆದಿದೆ, 'ಮಾತಾಡಲು ಚೌಕದ ಗುಂಡಿ ಒತ್ತಿ' ಅಂತ. ಬೋರ್ಡು ಹಾಕಿರೋದೇ ಓದೋಕೆ ತಾನೇ? ಒತ್ತಿದೆ."

"ಚೌಕದ ಗುಂಡಿ..." ಮಾಸ್ತರು ತೊದಲಿದರು. ಅದು ಏನು ಮಾಡುತ್ತದೆಂದು ಅವರಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

"ಅವನ ಗುಹೆ ಬಾಗಿಲಿನ ಗಂಟೆ ಯಾರೋ ಕಿತ್ಕೊಂಡು ಹೋದ್ರಂತೆ. ಅವತ್ತಿಂದ ಬಂದವರೆಲ್ಲ ಹೇಳದೆ ಕೇಳದೆ ನುಗ್ಗೋದಂತೆ. ಬೆಚ್ಚಿಬಿದ್ದು ಕೈ ಎತ್ತುತ್ತಾನೆ, ಅಷ್ಟೇ. ನಿಮ್ಮ ಹುಡುಗನ ಚೀಲ ತೆಗೆದು ನೋಡಿದೆ. ಅಬ್ಬಬ್ಬಾ, ಅದೇನು ಚೀಲಾನೋ ಗುಜರಿ ಅಂಗಡೀನೋ! ಇನ್ನೂರ ಹನ್ನೆರಡು ಕತ್ತಿ! ಅವುಗಳ ಅಡಿಯಲ್ಲಿ ತುಕ್ಕು ಹಿಡಿದ ಗಂಟೆ. ಕೊಟ್ಟೆ. ಕಣ್ಣೀರು ಹಾಕ್ಕೊಂಡು ದಾರಿ ಬಿಟ್ಟ."

ಆ ಗಂಟೆ ಮಾಸ್ತರಿಗೆ ಮೊದಲನೆಯ ದಿನವೇ ಸಿಕ್ಕಿತ್ತು. ಒಬ್ಬ ಮುದುಕಿ ಅದನ್ನು ಕೊಡುತ್ತ ಏನೋ ಹೇಳಹೊರಟಿದ್ದಳು. ಹೆಬ್ಬೆರಳು ಅವಳ ಮಾತನ್ನು ಅಲ್ಲೇ ನುಂಗಿಹಾಕಿತ್ತು.

ಮಾಸ್ತರು ಊಟ ಮಾಡದೆ ಒಂದು ತಾಸು ಸೂರಿನತ್ತ ನೋಡುತ್ತ ಮಲಗಿದರು. ಆಮೇಲೆ ಧಿಗ್ಗನೆ ಎದ್ದರು. ದೈತ್ಯನಂತೂ ದಾರಿ ಬಿಟ್ಟಿದ್ದಾನೆ. ಮುಗಿದ ಆಟವನ್ನು ಮಾತ್ರ ಪೆಟ್ಟಿಗೆ ಬಾವಿಕಟ್ಟೆಗೆ ಕಾಯದೆ ತಾನಾಗಿಯೇ ಬರೆದಿಟ್ಟುಕೊಂಡಿದೆ. ಬಿಡಿಸಿದವರು ಯಾರೆಂದು ಪರದೆಯ ಮೇಲೇನೂ ಬರೆದಿಲ್ಲವಲ್ಲ!

"ಅತ್ತೇ, ನಾಳೆ ಗ್ರಂಥಾಲಯದಲ್ಲಿ ಇದನ್ನ ಯಾರಿಗೂ ಹೇಳಬೇಡಿ."

"ನನಗ್ಯಾಕೆ ಊರ ಉಸಾಬರಿ? ಯಾರಿಗೂ ಹೇಳಲ್ಲ," ಎಂದು ಅತ್ತೆ ಮಾತು ಕೊಟ್ಟರು.

ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ನಲವತ್ತು ಕುರ್ಚಿ ತುಂಬಿದ್ದವು. ಮಾಸ್ತರು ಇಸ್ತ್ರಿ ಅಂಗಿ ತೊಟ್ಟು, ಹಿಂದಿನ ಪರದೆಯ ಮೇಲೆ ಗುಹೆಯ ಬಾಗಿಲು ಮೂಡಿಸಿ, ಗುಡುಗಿದರು. ಸಿನಿಮಾವನ್ನು ಸೋಲಿಸಿದರು, ಕಾದಂಬರಿಯನ್ನು ಹಿಂದಿಕ್ಕಿದರು. "ಕಥೆ! ಆಟದ ಪ್ರಾಣವೇ ಕಥೆ!" ಎಂದು ಮೇಜು ಕುಟ್ಟಿದರು. ಮೊದಲ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಿದ್ದ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು.

"ಮಾಸ್ತರೇ," ಗ್ರಂಥಪಾಲಕಿ ಕೇಳಿದರು, "ಆ ದೈತ್ಯ ಕಡೆಗೆ ಸೋತದ್ದು ಹೇಗೆ?"

ಮಾಸ್ತರು ಎದೆ ಮುಂದೆ ಮಾಡಿದರು. "ನನ್ನ ಹನ್ನೆರಡನೇ ಏಟಿಗೆ, ಮೇಡಂ! ಕತ್ತಿ ನೆಟ್ಟಗೆ ಗುಂಡಿಗೆಗೇ ಇಳೀತು. ಅಲ್ಲೇ ಪುಡಿಪುಡಿ!"

ಸಭೆ ಗೊಳ್ಳೆಂದಿತು. ಮಾಸ್ತರು ಹಿಂತಿರುಗಿ ನೋಡಿದರು. ಪರದೆಯ ಮೇಲೆ ಪುಡಿಪುಡಿಯಾದ ದೈತ್ಯ ಗುಹೆಯ ಬಾಗಿಲಲ್ಲಿ ಕಾಲು ಚಾಚಿ ಕೂತು, ಗಂಟೆ ಬಾರಿಸಿ ಎಲ್ಲರತ್ತ ಕೈ ಬೀಸುತ್ತಿದ್ದ.

ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಮೂವತ್ತು ವರ್ಷದಲ್ಲಿ ತಮ್ಮ ಕಿವಿಯ ಮುಂದೆ ಒಬ್ಬರಿಗೂ ತಪ್ಪು ಮಾಹಿತಿ ಹೋಗಲು ಬಿಟ್ಟವರೂ ಅಲ್ಲ. ಒಂದು ಕ್ಷಣ ಹಲ್ಲು ಕಚ್ಚಿ ಕೂತರು. ಎರಡು ಕ್ಷಣ ಕೂತರು. ಮೂರನೆಯದಕ್ಕೆ ಎದ್ದೇಬಿಟ್ಟರು.

"ಅದು ಹಾಗಲ್ಲಮ್ಮಾ..."

ಅಷ್ಟೇ. ಗ್ರಂಥಪಾಲಕಿ ಅವರ ಕೈ ಹಿಡಿದು ವೇದಿಕೆಗೆ ಕರೆತಂದರು, ಧ್ವನಿವರ್ಧಕ ಕೊಟ್ಟರು. ಅತ್ತೆ ಬಾವಿಕಟ್ಟೆಯಿಂದ ಗುಹೆಯವರೆಗೆ, ಯಾರು ಯಾರಿಗೆ ಏನಾಗಬೇಕಿತ್ತು ಎಂಬುದನ್ನೆಲ್ಲ ಹೇಳತೊಡಗಿದರು. (ಆಟ ಮುಗಿದ ಮೇಲೂ ಸುಮ್ಮನಿರದೆ ಊರಿನವರನ್ನೆಲ್ಲ ವಿಚಾರಿಸಿಕೊಂಡು ಬಂದಿದ್ದರಂತೆ.) ನಲವತ್ತು ಕುರ್ಚಿಯೂ ಕಿವಿಯಾಗಿ ಕೇಳಿದವು.

ಮಾತಿನ ನಡುವೆ ಪರದೆ ಮಂಕಾಗತೊಡಗಿತು. ಅತ್ತೆ ತಿರುಗಿ, ಗೋಡೆಗೆ ಒರಗಿ ನಿಂತಿದ್ದ ಮಾಸ್ತರ ಕೈಗೆ ಹಿಡಿಕೆಯನ್ನು ಮೆಲ್ಲನೆ ಇಟ್ಟರು.

"ಅಳಿಯಂದ್ರೇ, ಹತ್ತು ನಿಮಿಷಕ್ಕೊಂದ್ಸಲ ಈ ದುಂಡು ಗುಂಡಿ ಒತ್ತಿ. ಅಷ್ಟೇ. ಬೇರೇನೂ ಮುಟ್ಟಬೇಡಿ."

ಮಾಸ್ತರು ಒತ್ತಿದರು. ಪರದೆಯ ಮೇಲೆ ಅವರ ವೀರ ಎಲ್ಲರೆದುರು ಒಂದು ಬಸ್ಕಿ ಹೊಡೆದ.