ಲಿಫ್ಟಿಗೆ ಗೊತ್ತು

ಲಿಫ್ಟಣ್ಣನ ಆ ದಿನ ಹಾಳಾದದ್ದು ಒಂದು ಸಣ್ಣ ಪ್ರಶ್ನೆಯಿಂದ.

"ಲಿಫ್ಟ್ ರಿಪೇರಿ ಅನುಭವ ಇದೆ ಅಂತೀರಿ. ಸರಿ. ಅದು ಯಾರಿಗೆ ಗೊತ್ತು?" ಎಂದು ಕೇಳಿದರು, ಪರದೇಶದ ಕೆಲಸಗಳಿಗೆ ಜನ ಕಳಿಸುವ ಏಜೆನ್ಸಿಯ ಮೇಡಂ.

ಲಿಫ್ಟಣ್ಣ ತಲೆ ಕೆರೆದುಕೊಂಡ. "ಲಿಫ್ಟಿಗೆ ಗೊತ್ತು ಮೇಡಂ."

ಅವನು ತಮಾಷೆಗೆ ಹೇಳಿದ್ದಲ್ಲ. ಅರ್ಧ ಆಯುಸ್ಸನ್ನು ಅವನು ಕಟ್ಟಡಗಳ ನೆತ್ತಿಯ ಮೇಲಿನ ಪುಟ್ಟ ಮೆಷಿನ್ ರೂಮುಗಳಲ್ಲೇ ಕಳೆದಿದ್ದ. ಜನ ಏಳುವ ಮೊದಲೇ ಹೋಗಿ, ಹಗ್ಗ ನೋಡಿ, ಬ್ರೇಕು ನೋಡಿ, ಎಣ್ಣೆ ಹಾಕಿ, ಜನ ಎದ್ದು ಗುಂಡಿ ಒತ್ತುವಷ್ಟರಲ್ಲಿ ಹೊರಟುಬಿಡುತ್ತಿದ್ದ. ಕೆಲಸ ಕೊಟ್ಟಿದ್ದ ಯಜಮಾನರು ತೀರಿಕೊಂಡಿದ್ದರು. ಕಂಪನಿಯಿದ್ದ ಜಾಗದಲ್ಲಿ ಅವರ ಮಗ ಕನ್ನಡಕದ ಅಂಗಡಿ ಇಟ್ಟು, ಹಳೆಯ ಕಾಗದಗಳನ್ನೆಲ್ಲ ತೂಕಕ್ಕೆ ಹಾಕಿದ್ದ. ಅಂದಿನಿಂದ ಲಿಫ್ಟಣ್ಣ ಭಾವಮೈದುನನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಮೊಳೆ ತೂಗುವುದು ಕೆಟ್ಟ ಕೆಲಸವೇನಲ್ಲ. ಆದರೆ ರಸ್ತೆಯಾಚೆಯ ಕಟ್ಟಡದಲ್ಲಿ ಲಿಫ್ಟು ಕಿರುಗುಟ್ಟಿದಾಗಲೆಲ್ಲ, ಬೇರೆಯವರ ಮನೆಯಲ್ಲಿ ತನ್ನ ಮಗು ಅಳುತ್ತಿರುವುದನ್ನು ಕೇಳಿದವನಂತೆ ಅವನು ತಕ್ಕಡಿ ಹಿಡಿದೇ ಎದ್ದು ನಿಲ್ಲುತ್ತಿದ್ದ. ಇಲ್ಲಿನ ಹೊಸ ಕಂಪನಿಗಳಿಗೆ ಹುಡುಗರೇ ಬೇಕು. ಪರದೇಶದ ಆ ಕಂಪನಿ ಮಾತ್ರ ವಯಸ್ಸು ಕೇಳಿರಲಿಲ್ಲ, ಅನುಭವ ಕೇಳಿತ್ತು.

"ನೋಡಿ," ಎಂದರು ಮೇಡಂ, "ಕಂಪನಿಯೋರು ಸಂಜೆ ವೀಡಿಯೋ ಕಾಲ್‌ಗೆ ಬರ್ತಾರೆ. ನೀವು ಕೆಲಸ ಮಾಡಿದ ಕಟ್ಟಡದೋರು ಯಾರಾದ್ರೂ ಒಬ್ಬರನ್ನ ಕರ್ಕೊಂಡ್ಬನ್ನಿ. ಇವರು ನಮ್ಮ ಲಿಫ್ಟ್ ನೋಡ್ಕೊಂಡಿದ್ರು ಅಂದ್ರೆ ಸಾಕು. ಇವತ್ತು ಬಿಟ್ರೆ ಇಲ್ಲ."

ಕೆಳಗೆ ಸ್ಕೂಟರ್ ಹಿಡಿದು ಕಾಯುತ್ತಿದ್ದ ಭಾವಮೈದುನ ಕೇಳಿ ನಕ್ಕುಬಿಟ್ಟ. "ಇಷ್ಟೇನಾ ಭಾವ? ಊರ್ ತುಂಬ ನಿಮ್ ಲಿಫ್ಟೇ ಓಡಾಡ್ತಿದೆ. ಹತ್ತಿ. ಮಾತು ನಂಗೆ ಬಿಡಿ."

ಅಲ್ಲಿಗೆ ಅನರ್ಥ ಶುರುವಾಯಿತು.

ಮೊದಲು ಹೋದದ್ದು ಲಿಫ್ಟಣ್ಣನೇ ನಿಂತು ಲಿಫ್ಟು ಕೂರಿಸಿದ್ದ ಎತ್ತರದ ವಸತಿ ಕಟ್ಟಡಕ್ಕೆ. ಸೆಕ್ರೆಟರಿ ಬನಿಯನ್ನಿನಲ್ಲೇ ಬಾಗಿಲಿಗೆ ಬಂದರು.

"ನಮ್ಮ ಲಿಫ್ಟ್ ಯಾವತ್ತೂ ಕೆಟ್ಟೇ ಇಲ್ಲವಲ್ರೀ."

"ಅದಕ್ಕೇ ಬಂದೆ ಸಾರ್."

"ಕೆಡದೇ ಇರೋ ಲಿಫ್ಟಿಗೆ ಮೆಕ್ಯಾನಿಕ್ ಯಾಕೆ?"

"ಮೆಕ್ಯಾನಿಕ್ ಇದ್ದಿದ್ದಕ್ಕೇ ಕೆಡಲಿಲ್ಲ ಸಾರ್."

ಸೆಕ್ರೆಟರಿ ಈ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿ ನೋಡಿದರು. ರುಚಿ ಹತ್ತಲಿಲ್ಲ. "ಇದೊಳ್ಳೆ ಕತೆಯಾಯ್ತು. ನಾಳೆ ಇನ್ನೊಬ್ಬ ಬಂದು, ಈ ಕಟ್ಟಡ ಬೀಳದ ಹಾಗೆ ನಾನೇ ಹಿಡ್ಕೊಂಡಿದ್ದೆ ಅಂತಾನೆ. ಅವನಿಗೂ ಸಾಕ್ಷಿ ಹೇಳ್ಲಾ?"

ಭಾವಮೈದುನ ನಡುವೆ ಬಾಯಿ ಹಾಕಿದ. "ಲಿಫ್ಟ್ ಒಂದೇ ಅಲ್ಲ ಸಾರ್. ನಿಮ್ಮ ನೀರಿನ ಪಂಪು, ಮೋಟಾರು, ಎಲ್ಲಾ ಇವರೇ ನೋಡ್ತಿದ್ದಿದ್ದು."

"ಓಹೋ!" ಸೆಕ್ರೆಟರಿಯ ಹುಬ್ಬು ಹಣೆಯ ತುದಿ ಮುಟ್ಟಿತು. "ಹೋದ ವರ್ಷ ನಮ್ಮ ಪಂಪಿನ ಮೋಟಾರು ಕಳುವಾಯ್ತಲ್ಲ. ಆಗ ಎಲ್ಲಿದ್ರಿ ತಾವು? ಸ್ವಲ್ಪ ನಿಲ್ಲಿ, ವಾಚ್‌ಮನ್‌ನ ಕರೀತೀನಿ."

ಇಬ್ಬರೂ ಮೆಟ್ಟಿಲಿಳಿದು ಓಡಿದರು. ಲಿಫ್ಟಿಗೆ ಕಾಯುವಷ್ಟು ವ್ಯವಧಾನವಿರಲಿಲ್ಲ.

ಎರಡನೆಯದು ಹಳೆಯ ಆಫೀಸು ಕಟ್ಟಡ. ಅಲ್ಲಿ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುವ ಮುದುಕ ಇನ್ನೂ ಇದ್ದ. ಲಿಫ್ಟಣ್ಣನನ್ನು ಕಂಡವನೇ ಎದ್ದು ತಬ್ಬಿಕೊಂಡ. "ನೀನಾ! ಎಲ್ ಹೋಗಿದ್ಯೋ ಮಾರಾಯ ಇಷ್ಟ್ ದಿನ?"

ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಅಂತೂ ಒಬ್ಬನಾದರೂ ಸಿಕ್ಕಿದ.

"ನೀನು ಬಿಟ್ಮೇಲೆ ಆ ನೀರಿನ ಫಿಲ್ಟರ್ ಯಾರಿಗೂ ಸರಿ ಮಾಡಕ್ಕೇ ಬಂದಿಲ್ಲ ನೋಡು," ಎಂದ ಮುದುಕ.

"ಫಿಲ್ಟರ್ ಅಲ್ಲ ಅಜ್ಜ. ನಾನು ಈ ಲಿಫ್ಟ್..."

"ನಂಗೇ ಹೇಳ್ತೀಯಾ? ಈ ಕಣ್ಣಲ್ಲಿ ನೋಡಿದೀನಿ. ಕರಿ ಚೀಲ, ಕೈಯೆಲ್ಲ ಒದ್ದೆ."

"ಅದು ಎಣ್ಣೆ!"

ಎಷ್ಟು ಹೇಳಿದರೂ ಮುದುಕ ಜಗ್ಗಲಿಲ್ಲ. ಲಿಫ್ಟಣ್ಣನ ಫಿಲ್ಟರ್ ವಿದ್ಯೆಯ ಬಗ್ಗೆ ಯಾವ ದೇಶದವರ ಮುಂದೆ ಬೇಕಾದರೂ ಹೇಳಲು ಸಿದ್ಧ ಎಂದ.

ಹೊರಗೆ ಬಂದು ಲಿಫ್ಟಣ್ಣ ಕಟ್ಟೆಯ ಮೇಲೆ ಕುಸಿದು ಕೂತ. ಅಡುಗೆಯವನ ಅಡುಗೆಯನ್ನು ಜನ ಉಂಡು ನೆನೆಯುತ್ತಾರೆ. ದರ್ಜಿಯ ಅಂಗಿಯನ್ನು ತೊಟ್ಟು ನೆನೆಯುತ್ತಾರೆ. ತಾನು ಮಾಡಿದ್ದೇನು? ಏನೂ ಆಗದ ಹಾಗೆ ನೋಡಿಕೊಂಡದ್ದು. ಆಗದೇ ಇದ್ದದ್ದನ್ನು ಯಾರು ನೆನೆದಾರು? ಇಷ್ಟು ವರ್ಷ ಇಷ್ಟು ಜನರನ್ನು ಸುರಕ್ಷಿತವಾಗಿ ಮೇಲೆ ಕೆಳಗೆ ಕಳಿಸಿದ್ದಕ್ಕೆ, ತಾನು ಇದ್ದೆನೆಂಬ ಗುರುತೇ ಅಳಿಸಿಹೋಯಿತಲ್ಲ ಎನಿಸಿತು.

ಭಾವಮೈದುನನಿಗೂ ಮನಸ್ಸು ಕಲಕಿತು. ತಡೆದು ತಡೆದು ಕೇಳಿದ. "ಭಾವ, ಬೇಜಾರ್ ಮಾಡ್ಕೋಬೇಡಿ. ಎಲ್ಲಾದ್ರೂ ಒಂದ್ ಸಲನಾದ್ರೂ ಕೆಟ್ಟಿತ್ತಾ?"

ಲಿಫ್ಟಣ್ಣ ತಲೆ ತಗ್ಗಿಸಿದ. ಕೆಟ್ಟಿತ್ತು. ಆ ಒಂದು ಬೀದಿಯನ್ನು ಅವನು ನಾಚಿಕೆಯಿಂದ ಇಂದಿಗೂ ತಪ್ಪಿಸಿ ಹೋಗುತ್ತಿದ್ದ. ಎರಡು ಮಹಡಿಗಳ ನಡುವೆ ಲಿಫ್ಟು ನಿಂತು, ಅದನ್ನು ಬೀಳದಂತೆ ಹಿಡಿಯುವ ಕ್ಲಾಂಪು ಕಂಬಿಯನ್ನು ಕಚ್ಚಿಕೊಂಡುಬಿಟ್ಟಿತ್ತು. ಬಿಡಿಸಲು ಇನ್ನಿಬ್ಬರು ಬೇಕು. ಅವರು ಊರಾಚೆಯಿಂದ ಬರುವವರೆಗೆ, ಒಳಗೆ ರಿಟೈರಾದ ಲೆಕ್ಕದ ಟೀಚರೊಬ್ಬರು ಒಂಟಿಯಾಗಿ ಸಿಕ್ಕಿಕೊಂಡಿದ್ದರು.

"ಏಳಿ ಮತ್ತೆ!" ಭಾವಮೈದುನ ಸ್ಕೂಟರಿಗೆ ಒದ್ದ.

ಬಾಗಿಲು ತೆರೆದ ಟೀಚರಮ್ಮ ಲಿಫ್ಟಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರಪ್ಪ ನೀನು? ನಾನು ನೋಡೇ ಇಲ್ವಲ್ಲ."

"ಏನಿಲ್ಲಮ್ಮ. ತೊಂದ್ರೆ ಕೊಟ್ಟೆ. ಬಾಗಿಲು ಹಾಕ್ಕೊಳ್ಳಿ," ಎಂದು ಲಿಫ್ಟಣ್ಣ ತಿರುಗಿದ.

"ನಿಲ್ಲು!" ತರಗತಿಗೇ ಕೇಳುವಂಥ ದನಿ. "ಈ ಸ್ವರ! ಬಾಗಿಲಾಚೆ ಕೂತು ಮಾತಾಡ್ತಾ ಇದ್ದೋನು ನೀನೇ ಅಲ್ವಾ? ಮುಖ ಯಾವಾಗ ನೋಡಿದ್ದೆ ನಾನು! ನನ್ನ ಹೊರಗೆ ತೆಗೆಯೋ ಹೊತ್ತಿಗೆ ನೀನು ಮೆಷಿನ್ ರೂಮಿಗೆ ಓಡಿ ಹೋಗಿದ್ದೆ."

ವಿಷಯ ಪೂರ್ತಿ ಹೇಳಿ ಮುಗಿಸುವುದರೊಳಗೆ ಟೀಚರಮ್ಮ ಚಪ್ಪಲಿ ಮೆಟ್ಟಿದ್ದರು.

ಸಂಜೆ ಏಜೆನ್ಸಿಯ ಗೋಡೆಯ ಪರದೆಯ ಮೇಲೆ ಕಂಪನಿಯ ಇಬ್ಬರು ಬಂದು ಕೂತರು. ಮೇಡಂ ಅನುವಾದಕ್ಕೆ ನಿಂತರು. ಟೀಚರಮ್ಮ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ನಾನು ಒಳಗೆ ಕಿರುಚ್ತಾ ಇದ್ದೆ. ಉಸಿರು ಕಟ್ಟಿ ಸತ್ತೇ ಹೋಗ್ತೀನಿ ಅನ್ಕೊಂಡಿದ್ದೆ. ಈ ಪುಣ್ಯಾತ್ಮ ಬಾಗಿಲಾಚೆಯಿಂದ, ಅಮ್ಮ ನೀವು ಲೆಕ್ಕದ ಟೀಚರಂತೆ, ನಂಗೆ ಹದಿನೇಳರ ಮಗ್ಗಿ ಸ್ವಲ್ಪ ಹೇಳ್ಕೊಡಿ ಅಂದ. ಇವನೇ ಹೇಳಕ್ಕೆ ಶುರು ಮಾಡಿದ. ಎಲ್ಲಾ ತಪ್ಪು! ಹದಿನೇಳು ಮೂರಲ ನಲವತ್ತೊಂಬತ್ತಂತೆ! ನನ್ನ ಪಿತ್ತ ನೆತ್ತಿಗೇರಿತು. ಬೈದು ಬೈದು ತಿದ್ದೋದ್ರಲ್ಲಿ ಭಯ ಎಲ್ಲಿ ಹೋಯ್ತೋ! ಬಾಗಿಲು ತೆಗೆದಾಗ, ತಾಳ್ರಪ್ಪ, ಇನ್ನೂ ಮಗ್ಗಿ ಮುಗಿದಿಲ್ಲ ಅಂದೆ."

"ಬೇಕಂತ ತಪ್ಪು ಹೇಳಿದ್ರಾ?" ಎಂದು ಪರದೆಯಿಂದ ಪ್ರಶ್ನೆ ಬಂತು.

"ಇಲ್ಲ," ಎಂದ ಲಿಫ್ಟಣ್ಣ ಪ್ರಾಮಾಣಿಕವಾಗಿ. "ನಂಗೆ ಬರಲ್ಲ." ಆಮೇಲೆ ಅವಸರದಿಂದ ಸೇರಿಸಿದ. "ಕ್ಲಾಂಪು ಬಿಡಿಸಿದ್ದು ನಾನೇ ಸಾರ್. ಕಂಬಿ ಉಜ್ಜಿ, ಸ್ಪ್ರಿಂಗ್ ಬದಲಾಯಿಸಿ..."

"ಸುಮ್ನಿರು, ಮಧ್ಯೆ ಮಾತಾಡ್ಬೇಡ," ಎಂದರು ಟೀಚರಮ್ಮ.

ಪರದೆಯ ಮೇಲಿನ ಇಬ್ಬರೂ ಏನೋ ಮಾತಾಡಿಕೊಂಡರು, ನಕ್ಕರು, ಮತ್ತೆ ಮಾತಾಡಿಕೊಂಡರು. ಕೊನೆಗೆ ಮೇಡಂ ತಿರುಗಿದಾಗ ಅವರ ಮುಖ ಅರಳಿತ್ತು. "ನೀವು ಸೆಲೆಕ್ಟ್ ಆದ್ರಿ!"

ಭಾವಮೈದುನ ಶಿಳ್ಳೆ ಹೊಡೆದ. ಲಿಫ್ಟಣ್ಣ ಕುರ್ಚಿ ಹಿಡಿದುಕೊಂಡು, "ಯಾವತ್ತು ಹೊರಡಬೇಕು ಮೇಡಂ? ಸಾಮಾನೆಲ್ಲ ನಂದೇ ಇದೆ, ಸ್ಪ್ಯಾನರ್ ಸೆಟ್ ಪೂರ್ತಿ..." ಎಂದ.

"ಎಲ್ಲೂ ಹೊರಡಬೇಕಾಗಿಲ್ಲ. ರಿಪೇರಿಗೆ ಅಲ್ಲೇ ಹುಡುಗರು ಸಿಕ್ಕಿದಾರಂತೆ. ನಮ್ಮ ಭಾಷೆಯೋರು ಅಲ್ಲಿ ಸಾವಿರಾರು ಜನ ಇದಾರೆ ನೋಡಿ. ಲಿಫ್ಟಲ್ಲಿ ಸಿಕ್ಕಿಕೊಂಡಾಗ ಗಾಬರಿಗೆ ಎಲ್ರ ಬಾಯಲ್ಲೂ ತಾಯಿ ಭಾಷೆನೇ ಬರೋದು. ಹುಡುಗರು ಬರೋವರೆಗೂ ಫೋನಲ್ಲಿ ಜೊತೆಗೆ ಮಾತಾಡೋರು ಬೇಕಂತೆ. ನಿಮ್ಮಂಥ ಅನುಭವಸ್ಥರು ಅವರಿಗೆ ಸಿಕ್ಕೇ ಇರಲಿಲ್ವಂತೆ. ಇಲ್ಲೇ, ನಮ್ಮ ಹಿಂದಿನ ರೂಮಲ್ಲೇ ಕೂರಬಹುದು."

"ಮತ್ತೆ ಲಿಫ್ಟು?"

"ಲಿಫ್ಟ್ ಮುಟ್ಟೋ ಹಾಗೇ ಇಲ್ಲ! ಆರಾಮ್ ಕೆಲಸ." ಮೇಡಂ ಆಗಲೇ ಅವನ ಕಿವಿಗೆ ಹೆಡ್‌ಫೋನ್ ಸಿಕ್ಕಿಸುತ್ತಿದ್ದರು. "ಈಗಲೇ ಅಲ್ಲಿ ಯಾರೋ ಸಿಕ್ಕಿಕೊಂಡಿದಾರಂತೆ. ಒಂದ್ಸಲ ಮಾತಾಡಿ ತೋರಿಸಿ."

ಕಿವಿಯೊಳಗೆ ಹೆಂಗಸೊಬ್ಬಳ ಬಿಕ್ಕಳಿಕೆ ಕೇಳಿಸಿತು. ಅದರ ಹಿಂದೆ, ಬಲು ದೂರದಲ್ಲಿ, ಟಕ್, ಟಕ್, ಟಕ್. ಆ ಸದ್ದಿನ ಗುರುತು ಹತ್ತಿ ಲಿಫ್ಟಣ್ಣ ನೆಟ್ಟಗಾದ. ಬಾಗಿಲ ಬೀಗದಲ್ಲಿ ಕರೆಂಟು ಮುಟ್ಟಿಸುವ ಕಾಂಟ್ಯಾಕ್ಟಿಗೆ ಧೂಳು ಕೂತಿದೆ. ಒಂದು ಒಣ ಬಟ್ಟೆ ಸಾಕು, ಒರೆಸಿದರೆ ಆಯಿತು. ಅವನ ಕೈ ತಾನಾಗಿಯೇ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕಿತು. ಹೆಡ್‌ಫೋನಿನ ತಂತಿ ಬಿಗಿದು ಅವನನ್ನು ಹಿಂದಕ್ಕೆ ಜಗ್ಗಿತು.

ಮೇಡಂ, ಟೀಚರಮ್ಮ, ಭಾವಮೈದುನ, ಪರದೆಯ ಮೇಲಿನ ಇಬ್ಬರು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

ಲಿಫ್ಟಣ್ಣ ಚಾಚಿದ ಕೈಯನ್ನು ಮಡಿಲಿಗೆ ತಂದುಕೊಂಡ.

"ಅಕ್ಕ," ಎಂದ ಮೆಲ್ಲಗೆ, "ಊಟ ಆಯ್ತಾ?"

ಆಚೆ ಕಡೆಯ ಬಿಕ್ಕಳಿಕೆ ನಿಂತಿತು. "ಎಲ್ಲಿ ಊಟ ಅಣ್ಣ," ಎಂದು ಆಕೆ ಶುರು ಮಾಡಿದಳು, "ಬೆಳಗ್ಗೆಯಿಂದ ಏನೇನಾಯ್ತು ಗೊತ್ತಾ..."

ಟಕ್ ಟಕ್ ಸದ್ದು ನಡೆದೇ ಇತ್ತು.