ಆ್ಯನ್ ಇಸ್ಕೂಲ್

ಜಾತಿ ಒಲ್ಲೆ ಅನ್ನುವ ಮನೆತನದಲ್ಲಿ ಹುಟ್ಟಿಯೂ ನಮ್ಮ ಕಾಕಾ ಜಗತ್ತನ್ನೆಲ್ಲ ಎರಡು ಜಾತಿ ಮಾಡಿಟ್ಟಿದ್ದರು: ಇಂಗ್ಲಿಷಿನ ‘ಎ’ ಜಾತಿ, ‘ಆ್ಯನ್’ ಜಾತಿ! ಮಾದನಹಿಪ್ಪರಗಾದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ರಿಟೈರಾದ ಮೇಲೂ ಆಳಂದದ ಹೋಟೆಲಿನಲ್ಲಿ ಕೂತು, “ಆ್ಯನ್ ಉಪ್ಪಿಟ್ಟು, ಎ ಚಹಾ ಕೊಡ್ರಿ” ಅನ್ನೋರು. ಹೋಟೆಲಿನವ ಒಳಗೆ ಕೂಗುತ್ತಿದ್ದ: “ಒಂದು ಉಪ್ಪಿಟ್ಟು, ಒಂದು ಚಹಾ, ಇಂಗ್ಲಿಷ್‌ನಾಗ!” ಈಗ ಇದನ್ನೆಲ್ಲ ನೆನೆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅವರ ಪಾಠ ಒಂದೇ. “ಕಣ್ಣ ನಂಬಬ್ಯಾಡ್ರಿ, ಕಿವಿ ನಂಬ್ರಿ. ಅಕ್ಷರ ಏನರೆ ಇರಲಿ, ಮೊದಲ ಸಪ್ಪಳ ಸ್ವರ ಇದ್ರ ಆ್ಯನ್, ಇಲ್ಲಾಂದ್ರ ಎ.”

ಗಾಣಗಾಪುರದ ಲಾಡ್ಜೊಂದರ ಬೋರ್ಡಿನಲ್ಲಿ ಒಂದು ತಾಸಿನ ಬಾಡಿಗೆಗೆ ‘ಎ ಅವರ್’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಪಾಪ, ಬರೆದವನು ಬಾಯಲ್ಲಿ ಬರದ ಎಚ್ ಅಕ್ಷರ ಕಂಡು ಮೋಸಹೋಗಿದ್ದ. ದತ್ತನ ದರ್ಶನ ಆಮೇಲೆ! ಕಾಕಾ ಜೇಬಿನಿಂದ ಸೀಮೆಸುಣ್ಣ ತೆಗೆದು ಎನ್ ಸೇರಿಸಿದರು.

“ಮಾಸ್ತರ್ರೀ, ಎನ್ ಹಚ್ಚಿದ್ರ ತಾಸು ಉದ್ದ ಆಗ್ತದೇನ್ರಿ?” ಅಂದ ಮಾಲಕ.

“ನಿನ್ನ ಮರ್ಯಾದಿ ಉದ್ದ ಆಗ್ತದ,” ಅಂದರು ಕಾಕಾ.

ಈ ನಿಯಮ ಅವರಿಗೇ ತಿರುಗಿಬಿದ್ದದ್ದು ನನ್ನಿಂದ. ಏಳನೇ ಇಯತ್ತೆಯಲ್ಲಿ ನಾನು ‘ಆ್ಯನ್ ಸ್ಕೂಲ್’ ಅಂತ ಬರೆದೆ. ಕಾಕಾ ನನ್ನ ಎಡಗಿವಿ ಹಿಡಿದರು.

“ಯಾಕಲೇ?”

“ಕಿವಿ ನಂಬೀನ್ರಿ ಕಾಕಾ. ನಮ್ಮ ಕಡೆ ಎಲ್ಲಾರೂ ಇಸ್ಕೂಲ್ ಅಂತಾರಲ್ರಿ. ಮೊದಲ ಸಪ್ಪಳ ಇ!”

ಕಾಕಾ ಕಿವಿಯನ್ನು ಇನ್ನೂ ಗಟ್ಟಿಯಾಗಿ ಹಿಂಡಿದರು. ಅಂದಿನಿಂದ ಸಿಕ್ಕಾಗಲೆಲ್ಲ ನಾನು ಬೇಕಂತಲೇ “ಆ್ಯನ್ ಇಸ್ಕೂಲ್” ಅನ್ನುವುದು, ಅವರು ಕಿವಿ ಹಿಂಡುವುದು. ನನಗೆ ಮಕ್ಕಳಾದರೂ ಬಿಡಲಿಲ್ಲ.

ಎರಡು ವರ್ಷದಿಂದ ಕಾಕಾಗೆ ಕಿವಿ ಕೇಳುತ್ತಿಲ್ಲ. ಮಷಿನ್ ಹಾಕಿದರೂ ಉಪಯೋಗವಿಲ್ಲ ಅಂದರು ಡಾಕ್ಟರು. ಕಾಕಾ ಮಾತ್ರ ಒಪ್ಪುವುದಿಲ್ಲ. “ನೀವೆಲ್ಲಾ ಸಣ್ಣ ದನಿಲೆ ಮಾತಾಡ್ತೀರಿ” ಅಂತ ನಮ್ಮನ್ನೇ ಬೈಯುತ್ತಾರೆ. ಹೋಟೆಲಿಗೆ ಹೋಗುವುದನ್ನೂ ಬಿಟ್ಟರು. ಕಿವಿಯನ್ನೇ ನಂಬಿ ಬಾಳಿದವರಿಗೆ ಕಿವಿಯೇ ಕೈಕೊಡಬೇಕೆ? ಸಿಟ್ಟು ಬರುತ್ತದೆ ನನಗೆ, ಯಾರ ಮೇಲೆ ಅಂತ ತಿಳಿಯದು.

ಮೊನ್ನೆ ಅವರೆದುರು ಕೂತು ಗಂಟಲು ಹರಿಯುವಂತೆ ಕೂಗಿದೆ: “ಕಾಕಾ, ಆ್ಯನ್ ಇಸ್ಕೂಲ್!”

ಕೈ ನನ್ನ ಕಿವಿಗೆ ಬರಲಿ ಅಂತ ಕಾದೆ. ಅವರು ನನ್ನ ತುಟಿ ನೋಡಿ ನಕ್ಕರು.

“ಶಾಭಾಸ್ ಲೇ. ಎ ಸ್ಕೂಲ್! ಕಡೀಕೂ ಕಲಿತಿ ನೋಡು.”

ನನಗೆ ತಡೆಯಲಾಗಲಿಲ್ಲ. ಅವರ ಕೈಯನ್ನು ನಾನೇ ಎತ್ತಿ ನನ್ನ ಎಡಗಿವಿಯ ಮೇಲೆ ಇಟ್ಟುಕೊಂಡೆ. ಕಾಕಾ ಗಾಬರಿಯಾದರು. ಕಿವಿಯನ್ನು ಮೆಲ್ಲಗೆ ಸವರುತ್ತ ಕೇಳಿದರು:

“ಯಾಕೋ ತಮ್ಮಾ, ನಿಂಗೂ ಕೇಳಸ್ವಲ್ದೇನು?”